ಬೀಗ ಬಿದ್ದ ಒಂದು ಚದರ ಮೈಲಿ

ಕೇಂದ್ರದ ನೆಲವನ್ನೆಲ್ಲ ರಾಜ್ಯಕ್ಕೆ ಬಿಡಿಸಿಕೊಡಲು ಹೊರಟಿರುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಬೆಟ್ಟ, ಮರುಭೂಮಿ, ಹುಲ್ಲುಗಾವಲುಗಳನ್ನೆಲ್ಲ ಕೇಳುವ ಮೊದಲು, ನೀವು ಈಗಾಗಲೇ ಮಾರಿಕೊಂಡ ಒಂದು ಚದರ ಮೈಲಿಯ ಬಗ್ಗೆ ಉತ್ತರ ಕೊಡಿ. ಅಲ್ಲಿ ನನ್ನ ಹೆಂಡತಿಯ ಚಿತಾಭಸ್ಮವಿದೆ. ಗೇಟಿಗೆ ಬೀಗ ಬಿದ್ದಿದೆ.

ಕೇಂದ್ರದ ಮೇಲೆ ನೀವು ಹೂಡಿರುವ ದಾವೆಯ ವಾದಪತ್ರವನ್ನು ಗ್ರಂಥಾಲಯದಲ್ಲಿ ಕುಳಿತು ಓದಿದೆ. ಮನೆಯಲ್ಲಿ ನಮ್ಮದು ಬಾಸ್ಕ್ ಮಾತು, ಕುರಿ ಕಾಯಲು ಕಡಲು ದಾಟಿ ಬಂದವರ ಭಾಷೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಕುರಿಗಳ ಹಿಂದೆ ಅಲೆಯುತ್ತ ಅರ್ಧ ಉದುರಿಹೋಗಿದೆ. ಆದರೂ ನನಗೆ ತಿಳಿದಷ್ಟು ಹೇಳುತ್ತೇನೆ. ರಾಜ್ಯ ಹುಟ್ಟಿದಾಗ ಈ ನೆಲವನ್ನು ಮಾರುವುದಾಗಿ ಕೇಂದ್ರ ಮಾತು ಕೊಟ್ಟಿತ್ತು, ಇನ್ನೂ ಹಿಡಿದುಕೊಂಡು ಕೂತಿರುವುದು ಅನ್ಯಾಯ, ತಮ್ಮ ನೆಲ ತಮ್ಮ ಕೈಯಲ್ಲೇ ಇರುವ ಪೂರ್ವದ ರಾಜ್ಯಗಳಿಗೆ ಸಮನಾಗಿ ನಮ್ಮನ್ನು ಕಂಡಿಲ್ಲ ಎನ್ನುತ್ತೀರಿ. ಭೇಷ್. ಆದರೆ ಆಗ ನಮ್ಮ ಹಿರಿಯರು ನಮ್ಮದೇ ರಾಜ್ಯದ ಸಂವಿಧಾನದಲ್ಲಿ, ಯಾರಿಗೂ ಹಂಚಿಕೆಯಾಗದ ಈ ನೆಲದ ಮೇಲಿನ ಹಕ್ಕನ್ನು ಎಂದೆಂದಿಗೂ ಬಿಟ್ಟಿದ್ದೇವೆ ಎಂದು ಬರೆದುಕೊಟ್ಟರಲ್ಲ? ಆ ಪುಟ ನಿಮ್ಮ ಕಚೇರಿಯ ಪ್ರತಿಯಲ್ಲಿ ಮಾತ್ರ ಹರಿದುಹೋಗಿದೆಯೇ? ಎಂದೆಂದಿಗೂ ಎಂದು ನಾನೂ ಒಮ್ಮೆ ಹೇಳಿದ್ದೇನೆ, ಚರ್ಚಿನಲ್ಲಿ, ಗ್ರಾಸಿಯಾನಳ ಕೈ ಹಿಡಿದು. ಅನುಕೂಲ ನೋಡಿಕೊಂಡು ಅದನ್ನು ಮರುಪರಿಶೀಲಿಸಬಹುದೆಂದು ಯಾವ ವಕೀಲರೂ ನನಗೆ ತಿಳಿಸಲಿಲ್ಲ.

ಅವಳ ಅಪ್ಪ ಕುರಿಗಾಹಿ. ಬೇಸಿಗೆಯಿಡೀ ಬೆಟ್ಟದ ಮೇಲೆ ಒಬ್ಬನೇ ಇರುವವನು, ನಮ್ಮ ಕುರಿಗಾಹಿಗಳೆಲ್ಲ ಮಾಡುವಂತೆ, ಆಸ್ಪೆನ್ ಮರದ ಬಿಳಿ ತೊಗಟೆಯಲ್ಲಿ ತನ್ನ ಹೆಸರನ್ನೂ ಹುಟ್ಟೂರನ್ನೂ ಚಾಕುವಿನಿಂದ ಗೀರಿದ್ದ. ಗಾಯ ಕಪ್ಪಾಗಿ ಉಬ್ಬಿ ಅಕ್ಷರವಾಗಲು ವರ್ಷಗಳೇ ಬೇಕು. ಗ್ರಾಸಿಯಾನ ಪ್ರತಿ ಬೇಸಿಗೆಯಲ್ಲೂ ಹೋಗಿ ಅದನ್ನು ಸವರಿ ಬರುತ್ತಿದ್ದಳು. ತನ್ನನ್ನು ಅದರ ಬುಡದಲ್ಲೇ ಬಿಡಬೇಕೆಂದಳು. ಬಿಟ್ಟೆ. ಅದು ರಾಷ್ಟ್ರೀಯ ಅರಣ್ಯವೆಂದೇ ನಾವೆಲ್ಲ ನಂಬಿದ್ದೆವು. ಕುರಿಗಳು ಗಡಿ ನೋಡಿ ಮೇಯುವುದಿಲ್ಲ, ಅವುಗಳ ಹಿಂದೆ ಹೋದ ನಾವೂ ನೋಡಿರಲಿಲ್ಲ. ನಕ್ಷೆಯ ಹಸಿರಿನ ನಡುವೆ ಅದೊಂದು ಚದರ ಮೈಲಿಯ ನೀಲಿ ಚೌಕ: ಶಾಲೆಗಳ ಖರ್ಚಿಗೆಂದು ಕೇಂದ್ರ ಹಿಂದೆಯೇ ರಾಜ್ಯಕ್ಕೆ ಕೊಟ್ಟ ಚೌಕಗಳಲ್ಲೊಂದು. ಅದನ್ನು ನೀವು ಬೇಟೆಯ ರೆಸಾರ್ಟಿನವರಿಗೆ ಹರಾಜು ಹಾಕಿದಿರಿ.

ಈ ಬೇಸಿಗೆ ಅವಳ ತಮ್ಮ ಗಾನಿಶನ ಟ್ರಕ್ಕಿನಲ್ಲಿ ಹೋದೆ. ಅವನು ನಿಮ್ಮ ಭಕ್ತ. ಹಿಂಬದಿಯಲ್ಲಿ 'ನಮ್ಮ ನೆಲ ನಮಗೆ ಕೊಡಿ' ಎಂಬ ಸ್ಟಿಕ್ಕರು. ಗೇಟಿನಲ್ಲಿ ಒಬ್ಬ ಕಾವಲುಗಾರ ತಡೆದ.

"ದಾರಿ ತಪ್ಪಿತಾ ಅಜ್ಜ?"

"ಇಲ್ಲಪ್ಪ. ನನ್ನ ಹೆಂಡ್ತಿ ಒಳಗಿದಾಳೆ."

"ಅಡುಗೆಮನೇಲಾ? ಹೆಸರು ಹೇಳಿ, ಫೋನ್ ಮಾಡಿ ಕರಸ್ತೀನಿ."

"ಕರಸಿಬಿಟ್ರೆ ನಿನ್ನ ಉಪಕಾರ ಮರೆಯಲ್ಲ."

ಗಾನಿಶ ವಿಷಯ ಹೇಳಿದ. ಕಾವಲುಗಾರ ಟೋಪಿ ತೆಗೆದ, ಗೇಟು ತೆಗೆಯಲಿಲ್ಲ. "ಬಿಟ್ರೆ ನನ್ನ ಕೆಲ್ಸ ಹೋಗತ್ತೆ."

"ನೋಡಿದ್ಯಾ ಭಾವ, ಇದೇ ಕೇಂದ್ರದೋರ ದೌಲತ್ತು," ಎಂದ ಗಾನಿಶ.

"ಕೇಂದ್ರ ಎಲ್ಲಿಂದ ಬಂತಣ್ಣ? ಮಾರಿದ್ದು ರಾಜ್ಯ," ಎಂದ ಕಾವಲುಗಾರ. "ನಿಮ್ಮ ಸ್ಟಿಕ್ಕರು ಚೆನ್ನಾಗಿದೆ."

ಬೇಲಿಯಾಚೆ ತನ್ನ ಅಪ್ಪನ ಹೆಸರಿರುವ ತೋಪನ್ನು ನೋಡುತ್ತ ಗಾನಿಶ ತಂತಿಗೆ ಕೈಯಿಟ್ಟು ನಿಂತ. ಆಮೇಲೆ, "ಒಂದು ಚೌಕ ತಾನೇ ಭಾವ," ಎಂದ. ಮನೆ ತಲುಪಿದ ಮೇಲೆ ಅವನು ಟ್ರಕ್ಕಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸ್ಟಿಕ್ಕರನ್ನು ಉಗುರಿನಿಂದ ಕೆರೆಯುತ್ತಿದ್ದ. ಅರ್ಧ ಬಂತು.

ಉಳಿದದ್ದನ್ನೂ ಕೊಟ್ಟರೆ ಮಾರುವುದಿಲ್ಲ ಎನ್ನುತ್ತೀರಿ. ಶಾಲೆಯ ಚೌಕಗಳನ್ನು ಕಾಯಲಾರದವರು ಬೆಟ್ಟಸಾಲನ್ನು ಕಾಯುತ್ತೀರಾ? ಒಂದು ದೊಡ್ಡ ಕಾಡ್ಗಿಚ್ಚು ಆರಿಸುವಷ್ಟರಲ್ಲಿ ನಿಮ್ಮ ಬೊಕ್ಕಸ ಬರಿದಾಗಿ, ಮರುದಿನವೇ ಹರಾಜಿನ ಸುತ್ತಿಗೆ ಕೈಗೆತ್ತಿಕೊಳ್ಳುವವರು ನೀವಲ್ಲವೇ?

ಆದ್ದರಿಂದ ದಾವೆ ಹಿಂದಕ್ಕೆ ಪಡೆಯಿರಿ. ಅದು ನಿಮ್ಮ ಘನತೆಗೆ ಕುಂದಾದರೆ, ಮೊದಲು ಆ ಗೇಟಿನ ಬೀಗ ತೆಗೆಸಿಕೊಡಿ. ಆಸ್ಪೆನ್ ಮರಕ್ಕೆ ಮನುಷ್ಯನಷ್ಟೇ ಆಯುಸ್ಸು. ಆ ಮರ ಆಗಲೇ ವಾಲಿದೆ, ನಾನೂ ವಾಲಿದ್ದೇನೆ. ಯಾರು ಮೊದಲು ಬೀಳುತ್ತೇವೋ ಎಂದು ಕಾಯುವುದೇ ನಿಮ್ಮ ಕಾನೂನು ತಂತ್ರವಾಗಿದ್ದರೆ, ಒಪ್ಪುತ್ತೇನೆ, ಆ ವಾದ ಗಟ್ಟಿಯಾಗಿದೆ.

ಇಂತಿ,
ಹೆಂಡತಿಯನ್ನು ನೋಡಲು ಅನುಮತಿಯಿಲ್ಲದ ಗಂಡ,
ಬೆಟ್ರಿ ಇರಿಬಾರ್ನೆ