ವಾಪ್ಪನ ತಾಳ

ಕಾತ್ತಾನ್‌ಕುಡಿ
ಭಾನುವಾರ

ತಮ್ಮ ನಫ್ರಿಸ್‌ಗೆ ಸಲಾಂ.

ನಿನ್ನೆ ತಿರುಕೋಣಮಲೆಯ ಕಡಲ ದಂಡೆಯಲ್ಲಿ ಒಂದು ಅಂಗಡಿಯಲ್ಲಿ ವಡೆ, ಇನ್ನೊಂದರಲ್ಲಿ ಇಡಿಯಪ್ಪ ತಿನ್ನುತ್ತ ನಿನ್ನನ್ನೇ ಹುಡುಕುತ್ತಿದ್ದೆ. ಕಾವಲಿಯ ಮೇಲೆ ಜೋಡಿ ಕತ್ತಿ ಬಡಿದು ಕೊತ್ತು ರೊಟ್ಟಿ ಕೊಚ್ಚುವ ಒಬ್ಬೊಬ್ಬರ ಕೈಗೂ ಒಂದೊಂದು ತಾಳವಲ್ಲವೇ? ದೂರದಿಂದಲೇ ನಮ್ಮ ವಾಪ್ಪನ ತಾಳ ಕೇಳಿಸಿತು. ಹತ್ತಿರ ಬಂದೆ. ನೀನು ನನ್ನನ್ನು ನೋಡಿದ್ದೇ ತಾಳ ಬದಲಾಯಿಸಿ, "ಏನ್ ಕೊಡ್ಲಿ ಮೇಡಂ?" ಎಂದೆ. ಸೊಂಟದಲ್ಲಿ ಎತ್ತಿಕೊಂಡು ಬೆಳೆಸಿದವಳು ನಿನಗೆ ಮೇಡಂ ಆದೆನೇ? ಆದರೆ ನಾನು ಹೇಳದಿದ್ದರೂ ನನ್ನ ತಟ್ಟೆಯಲ್ಲಿ ಈರುಳ್ಳಿ ಇರಲಿಲ್ಲ. ನನಗೆ ಈರುಳ್ಳಿ ಆಗದೆಂದು ಆ ಊರಿನಲ್ಲಿ ಇನ್ಯಾರಿಗೆ ಗೊತ್ತು?

"ಬೇರೆಯವ್ರ ಕಾವಲಿ ಮೇಲೆ ನನ್ನ ತಾಳ ಕೇಳಿಸ್ತೋ, ನೀನು ನನ್ನ ಮಗನೇ ಅಲ್ಲ!" ನೀನು ಮನೆ ಬಿಟ್ಟ ದಿನ ವಾಪ್ಪ ಹಾಗೆ ಕೂಗಿದ್ದು ನಿಜ. ಈಗ ಅವರ ಬಲಗೈ ಮೇಲೇಳುವುದಿಲ್ಲ. ಇಡೀ ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿರುತ್ತಾರೆ. ಕಾವಲಿಯ ಮುಂದೆ ನಾನೇ ನಿಲ್ಲುತ್ತೇನೆ. ರುಚಿ ಕೆಟ್ಟಿದೆ ಎಂದು ಯಾರೂ ಹೇಳಿಲ್ಲ; ವಾಪ್ಪನ ತಾಳ ಮಾತ್ರ ನನ್ನ ಕೈಗೆ ಬಂದಿಲ್ಲ.

ಶುಕ್ರವಾರ ಸಂಜೆ ಬಾ. ಒಳಗೆ ಕಾಲಿಡದಿದ್ದರೂ ಸರಿ, ಅವರ ಮುಖ ನೋಡದಿದ್ದರೂ ಸರಿ. ಬೀದಿಯಲ್ಲೇ ನಿಂತು ಒಂದು ತಟ್ಟೆ ಕೊತ್ತು ಕೊಚ್ಚಿ ಹೋಗು. ನಿನ್ನ ಕತ್ತಿಗಳನ್ನು ತೊಳೆದಿಟ್ಟಿರುತ್ತೇನೆ.

ಮೊನ್ನೆ ಕೊಚ್ಚುವುದು ಮುಗಿಸಿ ವಾಪ್ಪನಿಗೆ ನೀರು ಕೊಡಲು ಒಳಗೆ ಹೋದೆ. ಅವರು ಗೋಡೆಯ ಕಡೆಗೆ ತಿರುಗಿ ಮಲಗಿದ್ದರು.

"ಅಂಗಡೀನ ಯಾರಿಗೆ ಮಾರ್ಬಿಟ್ಟೆ ಮಗಳೇ?" ಎಂದರು.

ನಿನ್ನ ಅಕ್ಕ,
ಸಿಫಾಯಾ