ಪಂಪಿನೊಳಗಿನ ಮಗುಟ

ನೇಸರಗಿ, ೧೯೫೩

ಅಪ್ಪಾ,

ತೀರ್ಥರೂಪ ಎಂದು ಈ ಸಲ ಬರೆಯುವುದಿಲ್ಲ. ನೀವು ತೀರಿಹೋಗಿ ವರ್ಷವಾಯಿತು, ನನ್ನ ಸಿಟ್ಟು ತೀರಿಲ್ಲ.

ಇವತ್ತು ಭಾವಿಯ ಕೈಪಂಪು ಬಿಚ್ಚಿದೆ. ಅವ್ವ ಹಗ್ಗ ಜಗ್ಗುವುದು ತಪ್ಪಲಿ ಎಂದು ನಾನು ಕೂಡಿಸಿದ್ದ ಪಂಪು. ಒಳಗೆ ತೊಗಲಿನ ವಾಷರ್ ಇದೆಯೆಂದು ತಿಳಿದ ದಿನವೇ ಆ ವಾಷರನ್ನು ಕಿತ್ತೆಸೆದಿರಿ. "ತೊಗಲು ಮುಟ್ಟಿದ ನೀರು ದೇವರಿಗೆ ನಡಿಯೂದಿಲ್ಲೋ" ಎಂದಿರಿ. ದುಡಿಯುವವರ ಬೆವರಿಗಿಂತ ದೊಡ್ಡ ಮಡಿಯಿಲ್ಲವೆಂದು ನಾನು ಕರಪತ್ರ ಓದಿ ಹೇಳಿದೆ. ನೀವು ಜಪಕ್ಕೆ ಕುಳಿತಿರಿ. ನಾನು ಮನೆ ಬಿಟ್ಟು ಬೈಲಹೊಂಗಲಕ್ಕೆ ಹೋದೆ. ಪಂಪು ಸುಮ್ಮನೆ ನಿಂತಿತು. ಅವ್ವ ಹಗ್ಗ ಜಗ್ಗಿದಳು, ಬಲಗೈ ಮೇಲೆತ್ತಲಾಗದ ತನಕ ಜಗ್ಗಿದಳು.

ಹೊಸ ವಾಷರ್ ಹಾಕಲು ಹೋದರೆ, ತೊಗಲಿದ್ದ ಜಾಗದಲ್ಲಿ ಒಳಗಿನ ದಂಡಕ್ಕೆ ರೇಷ್ಮೆ ಸುತ್ತಿತ್ತು. ನೀವು ಪೂಜೆಗೆ ಉಡುತ್ತಿದ್ದ ಮಗುಟ! ಇದ್ದ ಒಂದೇ ಮಗುಟವನ್ನು ಹರಿದು, ಸವೆದ ಪದರಿನ ಮೇಲೆ ಹೊಸ ಪದರು, ಅದರ ಮೇಲೆ ಮತ್ತೊಂದು. ರೇಷ್ಮೆ ತೊಗಲಿನಂತೆ ಗಾಳಿಯನ್ನು ತಡೆದು ನೀರು ಎತ್ತುತ್ತದೆಯೇ, ಅಪ್ಪಾ? ಎಷ್ಟು ಸಲ ಸುತ್ತಿದಿರಿ? ನನಗೆ ಒಂದು ಕಾರ್ಡು ಬರೆದಿದ್ದರೆ ಯಾವ ಮಡಿ ಕೆಡುತ್ತಿತ್ತು?

ತೊಗಲು ಹಾಕಿದೆ. ನೀರು ಬಂತು. ಅವ್ವ ಎಡಗೈಯಿಂದ ಒತ್ತಿ ನೋಡಿದಳು.

"ದಿಗೂ, ಆ ರೇಷ್ಮಿ ಚೂರು ಚೆಲ್ಲಬ್ಯಾಡ. ತೊಳದು ಕೊಡು."

"ಭಾವಿ ನೀರು ಸೇದಲೇನು, ಮಡೀಲೆ?"

"ಪಂಪಿನ ನೀರಾಗ ತೊಳಿ. ಬರ್ತದ ಅಂತ ಅವರೂ ಒಮ್ಮೆ ನೋಡ್ಲಿ."

ತೊಳೆದೆ. ಸಿಟ್ಟಿನಲ್ಲೇ ಹಿಂಡಿದೆ. ರೇಷ್ಮೆ ಹರಿಯಲಿಲ್ಲ.

ದಿಗಂಬರ