ಟವೆಲ್ ಹಾಸಿದ ಕುರ್ಚಿ

ಚಾಮರಾಜಪೇಟೆ

ಪೂಜ್ಯ ಭಾವನವರಿಗೆ ಅಲಮೇಲು ಮಾಡುವ ನಮಸ್ಕಾರಗಳು.

"ಗಂಡ ಹೋಗಿ ವರ್ಷ ತುಂಬಿಲ್ಲ, ಆಗಲೇ ಸಂಗೀತ ಕೇಳೋಕೆ ಹೋಗಿದ್ಯಂತೆ? ನೋಡಿದೋರು ಏನಂತಾರೆ?" ಎಂದು ನೀವು ಫೋನಿನಲ್ಲಿ ಕೇಳಿದಿರಿ. ಅದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಹೌದು, ರಾಮನವಮಿ ಕಚೇರಿಗೆ ಹೋಗಿದ್ದೆ. ಮದುವೆಯಾದಾಗಿನಿಂದ ಪ್ರತಿ ವರ್ಷ ನಿಮ್ಮ ತಮ್ಮ ಮೊದಲೇ ಹೋಗಿ, ಪಕ್ಕದ ಕುರ್ಚಿಗೆ ಟವೆಲ್ ಹಾಸಿ ನನಗೆ ಜಾಗ ಹಿಡಿಯುತ್ತಿದ್ದರು. ನಾನು ಅಡುಗೆ ಮುಗಿಸಿ ಹೋಗುವವರೆಗೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಈ ಸಲ ಅದೇ ಟವೆಲನ್ನು ನಾನು ಹಾಸಿದೆ. "ಯಾರಾದ್ರೂ ಬರ್ತಾರೇನಮ್ಮಾ?" ಎಂದು ಒಬ್ಬರು ಕೇಳಿದರು. "ಬರ್ತಾರೆ" ಎಂದೆ. ಮೃದಂಗದ ತನಿ ಆವರ್ತನ ಶುರುವಾದಾಗ ಅಳು ಬಂತು, ಆದರೂ ತೊಡೆಯ ಮೇಲೆ ತಾಳ ಹಾಕುವುದನ್ನು ಬಿಡಲಿಲ್ಲ. ಪಾನಕ ಕುಡಿದು, ಕೋಸಂಬರಿ ತಿಂದೇ ಮನೆಗೆ ಬಂದೆ.

ನಾಳೆಯೂ ಹೋಗುತ್ತೇನೆ. ಉತ್ಸವ ಮುಗಿದು ಪೆಂಡಾಲ್ ಬಿಚ್ಚುವವರೆಗೂ ಹೋಗುತ್ತೇನೆ. ಬಯ್ಯುವುದಿದ್ದರೆ ಅಲ್ಲಿಗೇ ಬನ್ನಿ. ನಿಮಗಾದರೆ ಟವೆಲ್ ತೆಗೆಯುತ್ತೇನೆ. ಆದರೆ ಮೃದಂಗ ಶುರುವಾದ ಮೇಲೆ ದಯವಿಟ್ಟು ಮಾತಾಡಬೇಡಿ. ನಿಮ್ಮ ತಮ್ಮನಿಗೆ ಅದು ಆಗುತ್ತಿರಲಿಲ್ಲ. ನನಗೂ ಆಗುವುದಿಲ್ಲ.

ಇಂತಿ,
ಅಲಮೇಲು